ಏನೂ ಕೇಳದ ಚಾರ್ಜರು

ಮೂರು ಗಂಟೆ ಮೇಯ್ದು ಏಳು ನಿಮಿಷ ಹಾಲು ಕೊಡುವ ಹಸುವನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು, ಮನೆಯಲ್ಲಿಟ್ಟು ಸಾಕಿದ್ದೇನೆ. ಅದಕ್ಕೆ ನಾಲ್ಕು ಕಾಲಿನ ಬದಲು ನಾಲ್ಕು ರೆಕ್ಕೆ. ಹೆಸರು ಡ್ರೋನು.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಚಿಕ್ಕಯ್ಯನಛತ್ರದ ದನದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದುಡಿದು, ಈಗ ನಂಜನಗೂಡಿನ ಮನೆಯಲ್ಲಿ ಕಾಲು ಚಾಚಿರುವ ಶಿವಸ್ವಾಮಿ ನಾನು. ಸರ್ಕಾರದ ಕಾಗದದಲ್ಲಿ ಪಶುವೈದ್ಯ ಸಹಾಯಕ, ಹೋಬಳಿಯ ಜನರ ಬಾಯಲ್ಲಿ ಡಾಕ್ಟ್ರು, ಹೆಂಡತಿಯ ತವರಾದ ಸೋಸಲೆಯಲ್ಲಿ ಮಾತ್ರ 'ದನದ ಡಾಕ್ಟ್ರು'. (ಆ 'ದನದ' ಎಂಬುದನ್ನು ಅವರು ಒತ್ತಿ ಹೇಳುವ ರೀತಿಗೆ, ನಾನು ವೈದ್ಯನೋ ರೋಗಿಯೋ ಎಂಬ ಅನುಮಾನ ಕೇಳಿದವರಲ್ಲಿ ಉಳಿದೇಬಿಡುತ್ತದೆ.)

ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು ಹೊದಿಸಿ ಮೂರು ಗೋಡೆ ಗಡಿಯಾರ ಕೊಟ್ಟರು. ಮಾಡಲು ಏನೂ ಕೆಲಸವಿಲ್ಲದ ಮನುಷ್ಯನಿಗೆ ಮೂರು ಗಡಿಯಾರ ಕೊಟ್ಟು ಕಳಿಸುವುದು ಎಂಥ ಕ್ರೌರ್ಯ! ಮೂರೂ ಗೋಡೆಯಿಂದ 'ಇನ್ನೂ ಹನ್ನೊಂದೇ ಗಂಟೆ, ಇನ್ನೂ ಹನ್ನೊಂದೇ ಗಂಟೆ' ಎಂದು ಚುಚ್ಚತೊಡಗಿದಾಗ ನಾನು ಹೋಗಿ ಡ್ರೋನು ತಂದೆ. ಅಂಗೈಯಗಲದ ಆಟಿಕೆ. ಹೊಟ್ಟೆಯಲ್ಲೊಂದು ಪುಟ್ಟ ಕ್ಯಾಮೆರಾ. ಜೊತೆಗೆ ಮೂರು ಬ್ಯಾಟರಿ.

"ಅರವತ್ತರಲ್ಲಿ ಗಾಳಿಪಟ," ಎಂದಷ್ಟೇ ಹೇಳಿ ನನ್ನ ಹೆಂಡತಿ ಗುರುಬಸಮ್ಮ ಒಗ್ಗರಣೆಗೆ ಸಾಸಿವೆ ಹಾಕಿದಳು. ಸಾಸಿವೆ ನನಗಿಂತ ಜೋರಾಗಿ ಸಿಡಿಯಿತು.

ಡ್ರೋನೇನೋ ಗರುಡನಂತೆ ಹಾರುತ್ತಿತ್ತು. ತೊಂದರೆಯಿದ್ದದ್ದು ಅದರೊಂದಿಗೆ ಬಂದಿದ್ದ ಬೆರಳುದ್ದದ ಚಾರ್ಜರಿನಲ್ಲಿ. ಒಂದು ಬ್ಯಾಟರಿಗೆ ಮೂರು ಗಂಟೆ. ಮೂರು ಬ್ಯಾಟರಿಗೆ ಒಂಬತ್ತು ಗಂಟೆ. ಬೆಳಗ್ಗೆ ತಿಂಡಿ ತಿಂದು ಹಾಕಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂರೂ ತುಂಬುತ್ತಿದ್ದವು, ಅಷ್ಟರಲ್ಲಿ ಹಾರಿಸಲು ಬೆಳಕಿರುತ್ತಿರಲಿಲ್ಲ. ಹೀಗೆ ನಾನು ದಿನವಿಡೀ ಗೋಡೆಯ ಪ್ಲಗ್ಗಿನ ಮುಂದೆ ಕುರ್ಚಿ ಹಾಕಿಕೊಂಡು, ಹೆರಿಗೆಗೆ ಕಾದ ಎಮ್ಮೆಯ ಮುಂದೆ ಕೂತವನಂತೆ ಕೂತಿರುತ್ತಿದ್ದೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಆಷಾಢ ಮುಗಿಯುವ ಹೊತ್ತಿಗೆ ನನ್ನ ಬಾಮೈದ ಮಲ್ಲಿಕಾರ್ಜುನ್ ಸೋಸಲೆಯಿಂದ ಬಂದು ಕೂತ. ಅವನು ಅಲ್ಲಿ ಹೊಸ ಮನೆ ಕಟ್ಟಿಸಿದ್ದ.

"ಭಾವ, ಶ್ರಾವಣದ ಎರಡ್ನೇ ಸೋಮ್ವಾರ ಮನೆ ಒಕ್ಲು. ಒಂದಿನ ಮುಂಚೇನೇ ಬಂದ್ಬುಡಿ. ಅಸು ಜವಾಬ್ದಾರಿ ನಿಮ್ದೇ."

"ಯಾವ ಹಸು?"

"ಮೊದ್ಲು ಅಸು ಕರ ವಳಿಕ್ಕೋಗ್ಬೇಕಲ್ವಾ. ದನದ್ ಡಾಕ್ಟ್ರು ಮನೇಲಿರೋವಾಗ ಅಗ್ಗ ಇಡ್ಕೊಳಾಕೆ ಬ್ಯಾರೆಯೋರ್ನ ಕರಿಯಾಕಾದದಾ?"

ಹಸುವಿನ ಹಗ್ಗ ಹಿಡಿಯುವ ಮಾತು ಕೇಳಿ ನಾನು ಕಾಫಿ ಲೋಟದೊಳಗೆ ಮುಖ ಮರೆಸಿಕೊಂಡೆ. ಅವನು ಮುಂದುವರಿಸಿದ: ಫೋಟೋಕ್ಕೆ ನರಸೀಪುರದ ಚೆಲುವರಾಜುವನ್ನು ಗೊತ್ತು ಮಾಡಿದ್ದಾನೆ. ಮೇಲಿನಿಂದ ಹಾರಿಸಿ ತೆಗೆಯುವುದಕ್ಕೂ ಅವನಿಗೇ ಹೇಳಿಬಿಡಬೇಕು.

ಅಡುಗೆಮನೆಯಿಂದ ನನ್ನ ಹೆಂಡತಿಯ ತಲೆ ಹೊರಬಂತು.

"ಮೇಲಿಂದ ತೆಗಿಯೋಕೆ ಅವ್ನ್ಯಾಕೆ? ನಿಮ್ ಭಾವ ತೆಗೀತಾರೆ."

"ಭಾವನಾ?"

ಆ 'ನಾ' ನಂಜನಗೂಡಿನಲ್ಲಿ ಶುರುವಾಗಿ ಸೋಸಲೆಯಲ್ಲಿ ಮುಗಿಯಿತು. ಅಷ್ಟುದ್ದ.

"ಊಂ ಕಣೋ, ಭಾವನೇ! ಯಾಕೆ, ಆಗಲ್ವಾ? ನಾನು ಆಲ್ ತಗೊಂಡು ವಸ್ಲು ದಾಟೋದು ಮೇಲಿಂದ ಬತ್ತದೆ, ನೋಡ್ತಾ ಇರು!" (ನಂಜನಗೂಡಿಗೆ ಬಂದು ಇಪ್ಪತ್ತೊಂಬತ್ತು ವರ್ಷವಾದರೂ, ರೋಷ ಬಂದ ಕೂಡಲೇ ಅವಳ ಮಾತು ಬಸ್ಸು ಹತ್ತಿ ಸೋಸಲೆಗೆ ಹೊರಟುಬಿಡುತ್ತದೆ.)

ಇಲ್ಲಿ ಒಂದು ಮಾತು ಹೇಳಬೇಕು. ಅವಳ ತವರಿನ ಪದ್ಧತಿಯಲ್ಲಿ, ಹೊಸ ಮನೆಗೆ ಮೊದಲು ಹಸು ಕರು ಹೋಗಬೇಕು. ಅದರ ಹಿಂದೆ ಹಾಲಿನ ಪಾತ್ರೆ ಹಿಡಿದು ಮನೆಯ ಹೆಣ್ಣುಮಗಳು. ಆ ಮನೆಯ ಮೊದಲ ಒಲೆ ಅವಳೇ ಹಚ್ಚಬೇಕು, ಮೊದಲ ಹೊಗೆ ಅವಳ ಕೈಯಿಂದಲೇ ಏಳಬೇಕು, ಹಾಲು ಅವಳೇ ಉಕ್ಕಿಸಬೇಕು. ಆಮೇಲೆ ಅವಳಿಗೆ ಸೀರೆ ಕೊಟ್ಟು ಮಡಿಲು ತುಂಬುತ್ತಾರೆ. ಮನೆಗೆ ಇವಳೊಬ್ಬಳೇ ಹೆಣ್ಣುಮಗಳು. ಮನೆಯ ಪಾಯ ತೋಡಿದಂದಿನಿಂದ ಇವಳು ಆ ದಿನಕ್ಕೆ ಕಾಯುತ್ತಿದ್ದಳು.

ತಮ್ಮ ಹೋದ ಮೇಲೆ ಬಂದು ನನ್ನ ಪಕ್ಕ ಕೂತಳು. ದನಿ ಮೆತ್ತಗಾಗಿತ್ತು.

"ನೋಡ್ರೀ, ಮದ್ವೆಯಾಗಿ ಇಷ್ಟು ವರ್ಷಕ್ಕೆ ತವರಲ್ಲಿ ನಿಮ್ ಬಗ್ಗೆ ಒಂದ್ ಮಾತು ಹೆಮ್ಮೆಯಿಂದ ಆಡಿದೀನಿ. ಅದೊಂದ್ ಉಳಿಸ್ಕೊಡಿ. ಇನ್ನೇನೂ ಕೇಳಲ್ಲ."

ಗಂಡಸಾದವನಿಗೆ ಬೈಗುಳ ತಡೆದುಕೊಳ್ಳಬಹುದು, ಇಂಥ ಮಾತು ತಡೆದುಕೊಳ್ಳಲಾಗುವುದಿಲ್ಲ. ಆ ಕ್ಷಣವೇ ಪ್ರತಿಜ್ಞೆ ಮಾಡಿದೆ: ಬೆರಳುದ್ದದ ಚಾರ್ಜರಿಗೆ ತಿಲಾಂಜಲಿ, ಹೊಸ ಚಾರ್ಜರಿಗೆ ಸ್ವಾಗತ!

ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವ ಮಗಳು ಅರ್ಪಿತ ಭಾನುವಾರ ಬಂದಾಗ ಸಲಹೆ ಕೇಳಿದೆ.

"ಅಪ್ಪಾ, ನಿನ್ನ ಒಂದೊಂದು ಬ್ಯಾಟರಿ ಒಳಗೂ ಎರಡೆರಡು ಸೆಲ್ ಇದೆ. ಎರಡೂ ಒಂದೇ ಸಮ ತುಂಬಬೇಕು. ಒಂದಕ್ಕೆ ಹೆಚ್ಚಾಗಿ ಒಂದಕ್ಕೆ ಕಡಿಮೆ ಆದ್ರೆ ಕೆಡುತ್ತೆ. ಅದನ್ನೆಲ್ಲ ತಾನೇ ನೋಡ್ಕೊಳ್ಳೋ ಚಾರ್ಜರ್ ಬರುತ್ತೆ, ಪರದೆ ಇರೋದು. ಅದನ್ನೇ ತಗೋ."

"ಅವಳಿ ಕರುಗಳಿಗೆ ಹಾಲು ಬಿಟ್ಟ ಹಾಗೆ ಅನ್ನು."

"ಹೂಂ, ಹಾಗೇ ಅಂದ್ಕೋ."

"ಒಂದು ಕುಡೀವಾಗ ಇನ್ನೊಂದರ ಕುತ್ತಿಗೆ ಹಿಡ್ಕೋಬೇಕು."

"ನೀನು ಏನನ್ನೂ ಹಿಡ್ಕೋಬೇಡ ಅಪ್ಪಾ. ಚಾರ್ಜರೇ ಹಿಡ್ಕೊಳ್ಳುತ್ತೆ."

ವಿಷಯ ತಲೆಗೆ ಸಲೀಸಾಗಿ ಇಳಿಯಿತು. ಅಂಥದ್ದೊಂದನ್ನು ಕಣ್ಣಾರೆ ನೋಡಿಬಿಡೋಣವೆಂದು ನರಸೀಪುರದ ಬಸ್ಸು ಹತ್ತಿ ಚೆಲುವರಾಜುವಿನ ಸ್ಟುಡಿಯೋಕ್ಕೆ ಹೋದೆ. ಆತ ಮದುವೆ, ನಾಮಕರಣ ಎಲ್ಲಕ್ಕೂ ಡ್ರೋನು ಹಾರಿಸುವ ಮನುಷ್ಯ. ಅವನ ಚಾರ್ಜರು ಗಂಭೀರವಾಗಿತ್ತು. ಎದೆಯ ಮೇಲೆ ನೀಲಿ ಪರದೆ, ಪಕ್ಕದಲ್ಲಿ ನಾಲ್ಕು ಗುಂಡಿ.

"ನಿಮ್ ಬ್ಯಾಟ್ರಿ ಸಿಗ್ಸಿ, ನೀವೇ ಮಾಡಿ ನೋಡಿ ಸಾ," ಎಂದ.

ಸಿಕ್ಕಿಸಿದೆ. ಬ್ಯಾಟರಿ ಯಾವ ಜಾತಿಯದು ಎಂದು ಪರದೆ ಕೇಳಿತು. ಏನೋ ಒಂದು ಒತ್ತಿದೆ. ಎಷ್ಟು ಸೆಲ್ ಎಂದು ಕೇಳಿತು. ಗುಂಡಿ ಒಂದು ಸಲ ಹೆಚ್ಚಿಗೆ ಒತ್ತಿಹೋಯಿತು. 'ಪೀಂ ಪೀಂ ಪೀಂ' ಎಂದು ಕಿರುಚಿಕೊಂಡಿತು. ಪಾಸ್‌ಪೋರ್ಟ್ ಫೋಟೋಕ್ಕೆಂದು ತಲೆ ಬಾಚಿಕೊಂಡು ಕೂತಿದ್ದ ಗಂಡ ಹೆಂಡತಿ ಇಬ್ಬರೂ, ನಾನೇನೋ ಕದ್ದೆನೆಂಬಂತೆ ನನ್ನತ್ತ ನೋಡಿದರು.

"ನೀವ್ ಮೂರ್ ಸೆಲ್ ಅಂದ್ರಿ ಸಾ. ಇರೋದು ಎರಡೇ ಅಂತ ಬೈತಾ ಅದೆ."

"ಬ್ಯಾಟರಿ ಅದರ ಬಾಯಲ್ಲೇ ಇದೆಯಲ್ಲಯ್ಯಾ! ಗೊತ್ತಿದ್ದೂ ಕೇಳೋದ್ಯಾಕೆ?"

"ನಿಮ್ಗೆ ಗೊತ್ತಾ ಅಂತ ನೋಡಾಕೆ ಸಾ."

ಮೈ ಉರಿದುಹೋಯಿತು. ಮೂವತ್ತೊಂದು ವರ್ಷದ ಸೇವೆಯಲ್ಲಿ ಒಂದೇ ಒಂದು ದನ ನನ್ನನ್ನು ಪ್ರಶ್ನೆ ಕೇಳಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದವರು ಮೇಲಧಿಕಾರಿಗಳು. ಎಷ್ಟು ಚುಚ್ಚುಮದ್ದು, ಎಷ್ಟು ಕರು, ಯಾವ ತಳಿ, ನಮೂನೆ ಮೂರರಲ್ಲಿ ಭರ್ತಿ ಮಾಡಿ, ತಪ್ಪಾದರೆ ಮತ್ತೆ ಬರೆಯಿರಿ. ಇವೆಲ್ಲದರಿಂದ ಬಿಡುಗಡೆ ಎಂದುಕೊಂಡು ನಿವೃತ್ತನಾದರೆ, ಅಂಗೈಯಗಲದ ಡಬ್ಬಿಯೊಂದು ಆಡಿಟ್ಟಿಗೆ ಬಂದು ಕೂರುವುದೇ? ಬೇಡವೇ ಬೇಡ ಎಂದು ಬ್ಯಾಟರಿ ಕಿತ್ತುಕೊಂಡು ಹೊರಟೆ.

ಮಾರನೆಯ ದಿನ ಮೈಸೂರಿನ ಒಂದು ಸಂದಿಯ ಅಂಗಡಿಯಲ್ಲಿ ನಿಂತಿದ್ದೆ.

"ಎಂಥದ್ ಕೊಡ್ಲಿ ಸಾರ್? ಪರದೆದಿದೆ, ಸಾದಾ ಇದೆ."

"ಪ್ರಶ್ನೆ ಕೇಳದೇ ಇರೋದು ಕೊಡಪ್ಪ."

ಅಂಗಡಿಯವನು ನನ್ನನ್ನು ಒಂದು ಗಳಿಗೆ ನೋಡಿ, ಮೇಲಿನ ಹಲಗೆಯಿಂದ ಧೂಳು ಹೊಡೆದು ಒಂದು ಪೆಟ್ಟಿಗೆ ಇಳಿಸಿದ.

"ಇದು ನೋಡಿ. ಮೂರು ಬ್ಯಾಟರಿ ಒಟ್ಟಿಗೇ ಹಾಕ್ಬಹುದು. ಒಂದು ತಿರುಗುಣಿ, ಒಂದರಿಂದ ಐದರ ತನಕ. ಹಸಿರು ದೀಪ ಬಂದ್ರೆ ಆಯ್ತು. ಏನೂ ಕೇಳಲ್ಲ."

"ಬೇಗ ಬೇಕಾದರೆ?"

"ಐದಕ್ಕೆ ತಿರುಗಿಸಿ. ಆದ್ರೆ ಐದಕ್ಕೆ ತಿರುಗಿಸ್ಬೇಡಿ."

"ಗ್ಯಾರಂಟಿ?"

"ಇದು ನಿಮ್ಮನ್ನ ಏನೂ ಕೇಳಲ್ಲ ಸಾರ್, ನಾನೂ ಏನೂ ಕೇಳಲ್ಲ. ನೀವೂ ಆಮೇಲೆ ಬಂದು ಏನೂ ಕೇಳ್ಬಾರ್ದು."

ಎಷ್ಟು ಸಜ್ಜನ! ಈ ಕಾಲದಲ್ಲಿ ಇಷ್ಟು ನಿಚ್ಚಳವಾಗಿ ವ್ಯವಹಾರ ಮಾಡುವವರು ಯಾರಿದ್ದಾರೆ? ಚಾರ್ಜರನ್ನು ಹೊಸ ಕರುವಿನಂತೆ ಎದೆಗವಚಿಕೊಂಡು ಮನೆಗೆ ತಂದೆ. ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ.

"ಪರದೆ ಎಲ್ಲಿ? ಅರ್ಪಿತ ಪರದೆ ಇರೋದು ಅಂದಿದ್ಲಲ್ಲ."

"ಪರದೆಯೆಲ್ಲ ಅನುಭವ ಇಲ್ಲದೋರಿಗೆ ಕಣೇ. ನಾನು ಕೈಯಿಟ್ಟರೆ ಸಾಕು, ಹೊಟ್ಟೆ ತುಂಬಿದೆಯೋ ಇಲ್ಲವೋ ಹೇಳಿಬಿಡ್ತೀನಿ."

"ಅದು ಹಸೂಗೆ ಕಣ್ರೀ."

"ಮೇಯೋದೆಲ್ಲ ಒಂದೇ."

ಸುಳ್ಳೇಕೆ ಹೇಳಲಿ, ಹದಿನೈದು ದಿನ ಆ ಚಾರ್ಜರು ಮಹಾ ಪತಿವ್ರತೆಯಂತೆ ನಡೆದುಕೊಂಡಿತು. ತಿರುಗುಣಿಯನ್ನು ಒಂದರ ಮೇಲಿಟ್ಟರೆ ಒಂದೂವರೆ ಗಂಟೆಯಲ್ಲಿ ಮೂರೂ ಬ್ಯಾಟರಿ ತಯಾರು. ಅರ್ಪಿತ ಫೋನಿನಲ್ಲಿ "ಯಾವುದು ತಗೊಂಡೆ?" ಎಂದು ಕೇಳಿದಾಗಲೆಲ್ಲ "ಒಳ್ಳೆಯದು" ಎನ್ನುತ್ತಿದ್ದೆ. ಕಪಿಲೆಯ ದಂಡೆಗೆ ಹೋಗಿ ದಿನಾ ಅಭ್ಯಾಸ ಮಾಡಿದೆ. ಹಾಲಿನ ಪಾತ್ರೆಯ ಬದಲು ನೀರು ತುಂಬಿದ ಸ್ಟೀಲು ತಪ್ಪಲೆ ಹಿಡಿಸಿ ಹೆಂಡತಿಯನ್ನು ನಮ್ಮದೇ ಬಾಗಿಲಿನಲ್ಲಿ ಆರು ಸಲ ಒಳಗೆ ಹೊರಗೆ ನಡೆಸಿದೆ. ಮೇಲಿನಿಂದ ಅವಳು ಎಷ್ಟು ಚೆನ್ನಾಗಿ ಬಂದಳೆಂದರೆ, ಅದನ್ನು ನೋಡಿ ಅವಳೇ ನಾಚಿಕೊಂಡು, "ಬೈತಲೆ ಇನ್ನೊಂಚೂರು ನೆಟ್ಟಗೆ ತೆಗೀಬೇಕು," ಎಂದಳು. ಮೇಲಿನಿಂದ ತೆಗೆಯುವ ಚಿತ್ರದಲ್ಲಿ ಮುಖಕ್ಕಿಂತ ಬೈತಲೆಗೇ ಬೆಲೆ!

ಭಾನುವಾರ ಮಧ್ಯಾಹ್ನ ಸೋಸಲೆ ಸೇರಿದೆವು. ಹೆಂಡತಿ ಬಸ್ಸಿನಿಂದ ಇಳಿಯುವ ಮುಂಚೆ ಎಚ್ಚರಿಸಿದಳು.

"ಇವತ್ತು ಹಾರಿಸ್ಬೇಡಿ. ನಾಳೆಗಿರ್ಲಿ."

"ನಾನೇನು ಹುಡುಗನೇನೇ?"

ಸಂಜೆ ನಾಲ್ಕಕ್ಕೆ ಹಳೆಯ ಮನೆಯ ಜಗುಲಿಯಲ್ಲಿ ನೆಂಟರೆಲ್ಲ ಸೇರಿದ್ದರು. ಒಬ್ಬರು, "ಅದೇನೋ ಆರಿಸ್ತಾರಂತಲ್ಲ ದನದ್ ಡಾಕ್ಟ್ರು, ದಿಟವಾ?" ಎಂದರು. ಅಷ್ಟೇ. ನೀವಾಗಿದ್ದರೆ ಸುಮ್ಮನಿರುತ್ತಿದ್ದಿರಾ? ಒಂದು ಬ್ಯಾಟರಿ ಹಾರಿಸಿದೆ. ತೆಂಗಿನ ತೋಟದ ಮೇಲಿಂದ ಕಾವೇರಿ ಕಂಡಳು. ಎಲ್ಲರೂ "ಹೋ" ಎಂದರು. ಇನ್ನೊಂದು ಹಾರಿಸಿದೆ. ಅವರವರ ಗದ್ದೆ ಅವರವರಿಗೆ ತೋರಿಸಿದೆ. ಕೊನೆಯದನ್ನು ಮುಟ್ಟಬಾರದೆಂದೇ ಇದ್ದೆ. ಆದರೆ ನಮ್ಮತ್ತೆ ಸಾಕಮ್ಮನವರು ಕೋಲೂರಿಕೊಂಡು ಬಂದು, "ಅಳಿಮಯ್ಯ, ನಮ್ ಬಾವಿ ಮ್ಯಾಗಿಂದ ಎಂಗ್ ಕಾಣ್ತದೆ?" ಎಂದರು. ಅತ್ತೆ ಕೇಳಿ ಅಳಿಯ ಇಲ್ಲವೆನ್ನುವುದುಂಟೇ? ಬಾವಿಯೂ ಕಂಡಿತು, ಬ್ಯಾಟರಿಯ ತಳವೂ ಕಂಡಿತು.

ಆಗಲಿ, ರಾತ್ರಿಯೆಲ್ಲ ಇದೆಯಲ್ಲ ಎಂದುಕೊಂಡೆ. ಏಳು ಗಂಟೆಗೆ ಕರೆಂಟು ಹೋಯಿತು. ಬಂದದ್ದು ಬೆಳಗ್ಗೆ ಆರೂಕಾಲಿಗೆ.

ಬಂದ ಕೂಡಲೇ ಪ್ಲಗ್ಗುಗಳತ್ತ ಓಡಿದೆ. ನನಗಿಂತ ಮೊದಲು ನೆಂಟರು ಓಡಿದ್ದರು. ಒಂದೊಂದು ಪ್ಲಗ್ಗಿಗೂ ನಾಲ್ಕು ನಾಲ್ಕು ಮೊಬೈಲು, ಹಂದಿಮರಿಗಳು ತಾಯಿಗೆ ಜೋತುಬಿದ್ದ ಹಾಗೆ. ಮುಹೂರ್ತ ಏಳೂವರೆಗೆ. ಅಂಗಳದಲ್ಲಿ ಹೆಂಡತಿ ಆಗಲೇ ತಲೆ ಬಾಚಿಸಿಕೊಳ್ಳುತ್ತ, "ಬೈತಲೆ ನೆಟ್ಟಗಿರ್ಲಿ ಕಣವ್ವ, ಮೇಲಿಂದ ತೆಗೀತಾರೆ," ಎಂದು ಯಾರಿಗೋ ಹೇಳುವುದು ಕೇಳಿಸಿತು.

ಮಾವಿನ ತೋರಣ ಕಟ್ಟಿಸಿಕೊಂಡು ಹೊಸ ಮನೆ ಎದುರಿಗೇ ನಿಂತಿತ್ತು. ತುಂಬ ಪ್ಲಗ್ಗುಗಳು, ಒಂದರಲ್ಲೂ ಮೊಬೈಲಿಲ್ಲ. ಹಸು ಹೋಗುವ ಮುಂಚೆ ಯಾರೂ ಹೋಗಬಾರದೆಂಬುದು ನನಗೂ ಗೊತ್ತು. ಆದರೆ ಶಾಸ್ತ್ರವೆಲ್ಲ ಮುಂಬಾಗಿಲಿಗೆ ತಾನೇ? ಹಿಂಬಾಗಿಲಿನಿಂದ ಹೋದವನ ಬಗ್ಗೆ ಯಾವ ಶಾಸ್ತ್ರದಲ್ಲೂ ಬರೆದಂತಿಲ್ಲ. ಚಪ್ಪಲಿ ಬಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಯ ಪಕ್ಕದ ಉಗ್ರಾಣ ಹೊಕ್ಕೆ. ಮೂರೂ ಬ್ಯಾಟರಿ ಸಿಕ್ಕಿಸಿದೆ. ಒಂದರ ಮೇಲಿಟ್ಟರೆ ಒಂದೂವರೆ ಗಂಟೆ. ಸಾಲದು. ಎರಡು. ಮೂರು.

ಹಸಿದ ಹಸುವನ್ನು ಇಬ್ಬನಿ ಆರದ ಹುರುಳಿ ಹೊಲಕ್ಕೆ ಬಿಟ್ಟರೆ ಏನಾಗುತ್ತದೆಂದು ಊರೂರು ತಿರುಗಿ ರೈತರಿಗೆ ಭಾಷಣ ಮಾಡಿದವನು ನಾನು. ಹೊಟ್ಟೆ ಉಬ್ಬರವಾಗುತ್ತದೆ, ನಿಧಾನ ಮೇಯಿಸಿ, ಅವಸರ ಬೇಡ ಎಂದು ಕರಪತ್ರ ಹಂಚಿದವನು ನಾನು. ಅದೇ ನಾನು ಐದಕ್ಕೆ ತಿರುಗಿಸಿದೆ.

ಚಾರ್ಜರು ಏನೂ ಕೇಳಲಿಲ್ಲ.

ಮುಕ್ಕಾಲು ಗಂಟೆ ಬಿಟ್ಟು ಸ್ನಾನ ಮಾಡಿ ಬಂದು ನೋಡಿದೆ. ಎರಡು ಬ್ಯಾಟರಿ ಬೆಚ್ಚಗಿದ್ದವು. ಮೂರನೆಯದು ಪೂರಿಯಂತೆ ಉಬ್ಬಿತ್ತು.

ಎರಡಿದ್ದವಲ್ಲ, ಅಷ್ಟು ಸಾಕಿತ್ತಲ್ಲ ಎನ್ನುತ್ತೀರಿ. ನೀವು ಹೇಳುವುದು ಸರಿ. ಆದರೆ ರೋಗಿಯನ್ನು ಕಣ್ಣಮುಂದೆ ಬಿಟ್ಟು ಹೋಗುವ ವೈದ್ಯ ನಾನಲ್ಲ. ಲಕ್ಷಣ ಸ್ಪಷ್ಟವಾಗಿತ್ತು. ಹೊಟ್ಟೆ ಉಬ್ಬರ! ಬೆರಳಿನಿಂದ ತಟ್ಟಿದೆ, ತಮಟೆಯಂತೆ ಬಿಗಿ. ಮೊದಲ ಚಿಕಿತ್ಸೆ ಎಣ್ಣೆ ಕುಡಿಸುವುದು. ಇದಕ್ಕೆ ಬಾಯಿಲ್ಲ. ಎರಡನೆಯದು ದಿಬ್ಬ ಹತ್ತಿಸಿ ನಡೆದಾಡಿಸುವುದು. ಇದಕ್ಕೆ ಕಾಲಿಲ್ಲ. ಮೂರನೆಯದೊಂದೇ ಉಳಿಯಿತು. ಎಡಪಕ್ಕೆಗೆ ದಪ್ಪ ಸೂಜಿ ಚುಚ್ಚಿ ಗಾಳಿ ಬಿಡುವುದು. ಹೀಗೆ ನಾನು ಉಳಿಸಿದ ದನಗಳು ಚಿಕ್ಕಯ್ಯನಛತ್ರ ಹೋಬಳಿಯಲ್ಲಿ ನೂರಾರು. ಇವತ್ತಿನ ಹಸುವಿಗೆಂದು ತಂದಿದ್ದ ಹಳೆಯ ಔಷಧಿ ಚೀಲವೂ ಹೆಗಲಲ್ಲೇ ಇತ್ತು. ಸೂಜಿ ತೆಗೆದೆ.

ಬ್ಯಾಟರಿಗೆ ಎಡಪಕ್ಕೆ ಯಾವುದು ಎಂಬ ಪ್ರಶ್ನೆ ಹುಟ್ಟಿತು. ತಂತಿಗಳನ್ನು ಬಾಲವೆಂದು ಭಾವಿಸಿ, ತಲೆಯನ್ನು ಮೂಡಲಿಗೆ ತಿರುಗಿಸಿ, ಮೂರು ಬೆರಳು ಅಳೆದು (ಒಂದೂವರೆ ಬೆರಳಷ್ಟೇ ಜಾಗವಿತ್ತು), ಶಿವ ಶಿವಾ ಎಂದು ಚುಚ್ಚಿದೆ.

ಹಸುವಿನ ಹೊಟ್ಟೆಯಿಂದ 'ಸುಸ್' ಎಂದು ಗಾಳಿ ಬರುತ್ತದೆ, ಹಸು ನಿಟ್ಟುಸಿರು ಬಿಡುತ್ತದೆ, ಮಾಲೀಕ ಕೈ ಮುಗಿಯುತ್ತಾನೆ. ಇಲ್ಲಿ 'ಸುಸ್' ಎಂಬುದರ ತನಕ ಎಲ್ಲವೂ ಪಾಠದ ಪ್ರಕಾರವೇ ನಡೆಯಿತು. ಆಮೇಲೆ ಬಂದದ್ದು ಹೊಗೆ. ಅಂಥ ಬಿಳಿ ಹೊಗೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಉಗ್ರಾಣ ತುಂಬಿತು, ಅಡುಗೆಮನೆ ತುಂಬಿತು, ನಡುಮನೆ ದಾಟಿ ಕಿಟಕಿ ಕಿಟಕಿಯಿಂದ ಹೊರಗೆ ನುಗ್ಗಿತು. ಮೂಲೆಯಲ್ಲಿದ್ದ ಗಾರೆ ಬಾಂಡ್ಲಿಯೊಳಕ್ಕೆ ಕಡ್ಡಿಯಿಂದ ಆ ಬ್ಯಾಟರಿಯನ್ನು ತಳ್ಳಿ, ಮಿಕ್ಕೆರಡರ ತಂತಿ ಕಿತ್ತು, ಬಾಂಡ್ಲಿಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ಹಿಡಿದೆ.

ಅಷ್ಟರಲ್ಲಿ ಮುಂಬಾಗಿಲಿನ ಕಡೆಯಿಂದ ಕೂಗು ಕೇಳಿಸಿತು. ನೋಡಿದರೆ ಮೆರವಣಿಗೆ ಬಂದೇಬಿಟ್ಟಿದೆ! ವಾಲಗದವರು, ಮಠದ ಅಯ್ಯನವರು, ಅರಿಶಿನ ಬಳಿದ ಕೊಂಬಿನ ಹಸು, ಕರು, ಹಿಂದೆ ಹಾಲಿನ ಪಾತ್ರೆ ಹಿಡಿದ ನನ್ನ ಹೆಂಡತಿ.

"ಭಾವ ಎಲ್ಲೋದ್ರು? ಅಸು ಇಡ್ಕೊಳೋ ಭಾವ ಎಲ್ಲಿ?" ಮಲ್ಲಿಕಾರ್ಜುನನ ದನಿ.

ನಮ್ಮತ್ತೆಯ ದನಿ ಅದನ್ನೂ ಮೀರಿಸಿತು. "ಅಯ್ಯಯ್ಯಪ್ಪಾ, ವೊಗೆ! ಯಾರವ್ವಾ ಒಲೆ ಅಚ್ಚಿದೋಳು? ಅಸು ಇನ್ನೂ ವಳಿಕ್ಕೋಗಿಲ್ಲ!"

"ನಾನಲ್ಲ ಕಣವ್ವಾ! ನಾನ್ ಇಲ್ಲೇ ಇವ್ನಿ! ಆಲು ಕೈಯಲ್ಲೇ ಅದೆ!"

ಹಸು ಹೊಸ್ತಿಲಿನಲ್ಲಿ ಹೊಗೆ ಮೂಸಿ, ಮುಂಗಾಲು ಊರಿ, ಒಳಗೆ ಬರಲಾರೆ ಎಂದು ನಿಂತಿತು. (ಆ ಗುಂಪಿನಲ್ಲಿ ಬುದ್ಧಿಯಿದ್ದದ್ದು ಅದಕ್ಕೊಂದಕ್ಕೇ.) ಬಾಂಡ್ಲಿ ಕೈಯಲ್ಲಿ ಹಿಡಿದು ನಾನು ಹಿಂಬಾಗಿಲಿನಿಂದ ಹಾರಿದೆ. ಮನೆ ಕಟ್ಟಿ ಉಳಿದ ಮರಳು ಎಡಗಡೆ ಇತ್ತೆಂದು ಎಡಕ್ಕೆ ಓಡಿದೆ. ಚಪ್ಪರ ಹಾಕಲು ಅದನ್ನು ಬಲಗಡೆಗೆ ಸಾಗಿಸಿದ್ದರು. ಹಾಗಾಗಿ ವಾಲಗದವರ ಮುಂದಿನಿಂದ, ಅಯ್ಯನವರ ಮುಂದಿನಿಂದ, ಹಸುವಿನ ಮೂತಿಯ ಮುಂದಿನಿಂದ, ಕೊನೆಗೆ ನನ್ನ ಹೆಂಡತಿಯ ಕಣ್ಣಮುಂದಿನಿಂದ, ಧೂಪಾರತಿ ಹಿಡಿದ ಪೂಜಾರಿಯಂತೆ ಹೊಗೆಯಾಡುತ್ತ ಹಾದು, ಮನೆಗೆ ಮುಕ್ಕಾಲು ಪ್ರದಕ್ಷಿಣೆ ಹಾಕಿ, ಬ್ಯಾಟರಿಯನ್ನು ಬಾಂಡ್ಲಿ ಸಮೇತ ಮರಳಿನಲ್ಲಿ ಹೂತೆ.

ಎದ್ದು ತಿರುಗಿ ನೋಡಿದೆ. ವಾಲಗ ನಿಂತಿತ್ತು. ಗುರುಬಸಮ್ಮ ಹಾಲಿನ ಪಾತ್ರೆಯನ್ನೇ ನೋಡುತ್ತಿದ್ದಳು. ನೇರ ಬೈತಲೆ, ಬಗ್ಗಿದ ತಲೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಹಾಲಿನೊಳಕ್ಕೆ ಕಣ್ಣೀರು ಬೀಳದಿರಲೆಂದು ಪಾತ್ರೆಯನ್ನು ಸ್ವಲ್ಪ ಆಚೆ ಹಿಡಿದುಕೊಂಡಳು. ಅದನ್ನು ಕಂಡು ನನಗೆ ಬಾಂಡ್ಲಿಯ ಪಕ್ಕದಲ್ಲೇ ಹೂತುಕೊಳ್ಳಬೇಕೆನಿಸಿತು.

ನಮ್ಮತ್ತೆ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಎಂಬತ್ತರ ಮುದುಕಿ. ಕೋಲಿನಿಂದ ನೆಲ ಕುಟ್ಟಿ ಕೇಳಿದರು: "ಅಯ್ನೋರೇ, ಇದು ಬೆಂಕಿ ಲೆಕ್ಕವೋ, ಬರೀ ವೊಗೆ ಲೆಕ್ಕವೋ?"

ಅಯ್ಯನವರು ಗಡ್ಡ ನೀವಿಕೊಂಡರು. "ಒಲೆ ತಣ್ಣಗೇ ಇದೆ ತಾಯಿ. ಬರೀ ಹೊಗೆ."

"ಅಂಗಾರೆ ಬೆಂಕಿ ನನ್ ಮಗಳ್ದೇ. ಓಗವ್ವಾ ಗುರು, ಕಣ್ಣೊರ್ಸ್ಕೊ, ಅಸು ಇಂದೆ ಓಗು. ಮಲ್ಲಿ, ಅಗ್ಗ ನೀನೇ ಇಡ್ಕೊ."

ಹೊಗೆ ಚದುರಿತು. ಹಸು ಒಳಗೆ ಹೋಯಿತು. ಅವಳೂ ಹೋದಳು. ನಾನು ಡ್ರೋನಿನತ್ತ ಕೈ ಚಾಚಿದೆ. "ಭಾವ, ನಿಮ್ ಕಾಲಿಗ್ ಬೀಳ್ತೀನಿ, ಅದ್ನ ಮುಟ್ಬ್ಯಾಡಿ," ಎಂದ ಮಲ್ಲಿಕಾರ್ಜುನ್. ತಲೆಯೆತ್ತಿದರೆ ಚೆಲುವರಾಜುವಿನ ಡ್ರೋನು ಆಗಲೇ ಮೇಲೆ ಗುಂಯ್‌ಗುಡುತ್ತಿತ್ತು.

ಹಾಲು ಮೂಡಲ ದಿಕ್ಕಿಗೆ ಉಕ್ಕಿ, ಎಲ್ಲರೂ ಸಮಾಧಾನದ ಉಸಿರು ಬಿಟ್ಟ ಮೇಲೆ, ಮಡಿಲು ತುಂಬಲು ತಟ್ಟೆ ಬಂತು. ಮೆಂತ್ಯ ಬಣ್ಣದ ರೇಷ್ಮೆ ಸೀರೆ, ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ. ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ಮಣೆಯ ಮೇಲೆ ಕೂರಲು ಹೋದಳು. ಅತ್ತೆ ಕೋಲು ಅಡ್ಡ ಹಿಡಿದರು.

"ತಡಿಯವ್ವಾ. ಒಸ ಮನೇಲಿ ಮೊದ್ಲು ವೊಗೆ ಎಬ್ಸೋರು ಯಾರ್ರವ್ವಾ?"

"ಮನೆ ಎಣ್ಮಗಳು," ಎಂದರು ಹೆಂಗಸರೆಲ್ಲ ಒಟ್ಟಿಗೆ.

"ಇವತ್ತು ಎಬ್ಸಿದೋರು ಯಾರು?"

ಎಲ್ಲರ ಕಣ್ಣೂ ಕಂಬದ ಮರೆಯಲ್ಲಿ ನಿಂತಿದ್ದ ನನ್ನ ಮೇಲೆ ಬಿತ್ತು.

"ಆಲು ಇವಳು ಉಕ್ಸವ್ಳೆ, ಅದಿರ್ಲಿ. ಮಡ್ಲು ಮಾತ್ರ ವೊಗೆ ಎಬ್ಸಿದೋರಿಗೇ. ಬನ್ನಿ ಅಳಿಮಯ್ಯ, ಮಣೆ ಮ್ಯಾಲೆ ಕೂತ್ಕಳಿ. ನಾಚ್ಕೋಬ್ಯಾಡಿ, ಇದು ನಿಮ್ ತವರು."

ನಗು ಯಾರ ಬಾಯಿಂದ ಮೊದಲು ಬಂತೋ ತಿಳಿಯದು. ಹೊಸ ಮನೆಯ ಹೆಂಚು ಹಾರಿಹೋಗುವ ಹಾಗೆ ನಕ್ಕರು. (ತಾರಸಿ ಮನೆ, ಬದುಕಿಕೊಂಡಿತು.) ನನ್ನನ್ನು ಎಳೆದು ಕೂರಿಸಿದರು. ಹೆಗಲ ಟವೆಲನ್ನೇ ಮಡಿಲು ಮಾಡಿ ಅಕ್ಕಿ ಸುರಿದರು. ಅರಿಶಿನ ಕುಂಕುಮ ಇಟ್ಟರು. ಮಲ್ಲಿಕಾರ್ಜುನ್ ಭಕ್ತಿಯಿಂದ ಬಗ್ಗಿ, ಸೀರೆಯನ್ನು ನನ್ನ ಕೈಗಿತ್ತು, "ಅಕ್ಕಾ, ಆಸೀರ್ವಾದ ಮಾಡಿ," ಎಂದು ನನ್ನ ಕಾಲು ಮುಟ್ಟಿದ. ಎದುರಿಗೆ ನನ್ನ ಹೆಂಡತಿ ಸೆರಗನ್ನು ಬಾಯಿಗಿಟ್ಟುಕೊಂಡು, ಈಗ ಬೇರೆ ಕಾರಣಕ್ಕೆ ಕಣ್ಣೀರು ಸುರಿಸುತ್ತಿದ್ದಳು. ಅಷ್ಟು ಹೊತ್ತಿಗೆ ನನಗೂ ಉಸಿರು ಬಂತು.

ಸೀರೆ ಬಸ್ಸಿನಲ್ಲೇ ಕೈ ಬದಲಾಯಿತೆಂದು ಬೇರೆ ಹೇಳಬೇಕಿಲ್ಲ. ಚೆಲುವರಾಜು ಕಳಿಸಿದ ವಿಡಿಯೋ ವಾರದೊಳಗೆ ಎರಡು ತಾಲ್ಲೂಕಿನ ನೆಂಟರ ಫೋನುಗಳಲ್ಲೆಲ್ಲ ಓಡಾಡಿತು. ಮೇಲಿನಿಂದ ನೋಡಿದರೆ ಹೆಂಡತಿಯ ಬೈತಲೆ ಗೆರೆ ಎಳೆದಂತೆ ಬಂದಿದೆ. ನಾನೂ ಬಂದಿದ್ದೇನೆ, ಹೊಗೆಯ ಬಾಲ ಬಿಟ್ಟುಕೊಂಡು ಓಡುವ ಧೂಮಕೇತುವಾಗಿ. ಅರ್ಪಿತ ನೋಡಿ, ಒಂದೇ ಮಾತು ಕೇಳಿದಳು: "ಅಪ್ಪಾ, ಆ 'ಒಳ್ಳೆಯ' ಚಾರ್ಜರ್ ಎಲ್ಲಿದೆ?" ಮಾರನೆಯ ದಿನವೇ ಪರದೆಯಿರುವುದನ್ನು ತಾನೇ ತಂದು ಇಟ್ಟು ಹೋದಳು. ಈಗ ಅದು ಕೇಳಿದ್ದಕ್ಕೆಲ್ಲ ನಿಂತುಕೊಂಡೇ ಉತ್ತರ ಕೊಡುತ್ತೇನೆ. ತಪ್ಪಾದರೆ ಪೀಂ ಎನ್ನುತ್ತದೆ. ಕ್ಷಮಿಸಬೇಕು ಎಂದು ಮತ್ತೆ ಒತ್ತುತ್ತೇನೆ.

ಎಲ್ಲ ಮರೆತರೆಂದುಕೊಂಡು ನಾನು ನೆಮ್ಮದಿಯಾಗಿದ್ದೆ. ಮೊನ್ನೆ, ಗೌರಿ ಹಬ್ಬಕ್ಕೆ ನಾಲ್ಕು ದಿನವಿರುವಾಗ, ಮಲ್ಲಿಕಾರ್ಜುನನ ಫೋನು ಬಂತು.

"ಇರು, ನಿಮ್ಮಕ್ಕನಿಗೆ ಕೊಡ್ತೀನಿ," ಎಂದೆ.

"ಅಕ್ಕಂಗಲ್ಲ ಭಾವ, ನಿಮ್ಗೇ ಮಾಡಿದ್ದು. ಅಬ್ಬಕ್ಕೆ ಎಣ್ಮಗಳ್ನ ತವರಿಗೆ ಕರೀಬೇಕಲ್ವಾ? ನಾಳೆ ಬೆಳಿಗ್ಗೆ ನಾನೇ ಬಂದು ಕರ್ಕೊಂಡೋಯ್ತೀನಿ. ಅವ್ವ ಬಾಗಿನಕ್ಕೆ ಮೊರ ತಂದು ಮಡ್ಗವ್ಳೆ. ಬಳೆ ಅಳತೆ ಎಷ್ಟು ಅಂತ ಕೇಳ್ತಾವ್ಳೆ."

ರಕ್ಷಣೆಗಾಗಿ ಹೆಂಡತಿಯತ್ತ ತಿರುಗಿದೆ. ಅವಳು ಆಗಲೇ ಬೀರುವಿನ ಮೇಲಿನಿಂದ ನನ್ನ ಚೀಲ ಇಳಿಸಿ ಪಂಚೆ ಮಡಿಸಿ ಇಡುತ್ತಿದ್ದಳು.

"ಹೋಗ್ಬನ್ನಿ, ಹೋಗ್ಬನ್ನಿ. ಎಂಟು ದಿನ ಇದ್ದೇ ಬನ್ನಿ. ನನಗೂ ಮನೇಲಿ ಒಂಚೂರು ನೆಮ್ಮದಿ," ಎಂದು ಚೀಲದ ಬಾಯಿ ಕಟ್ಟಿ ನನ್ನ ಕೈಗಿಟ್ಟಳು. ಆಮೇಲೆ ಏನೋ ನೆನಪಾದವಳಂತೆ ದನಿ ತಗ್ಗಿಸಿ, "ಅಲ್ಲಿ ನಮ್ಮವ್ವನ ಮುಂದೆ ಕೂತ್ಕೊಂಡು ನನ್ ಮೇಲೆ ಚಾಡಿ ಮಾತ್ರ ಹೇಳ್ಬೇಡಿ," ಎಂದಳು.